ಬೆಲೆ ಬೇರೆ, ಋಣ ಬೇರೆ

ನಿರಾಶ್ರಿತರು ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರೋದು ಟೀವಿಯಲ್ಲಿ ನೋಡಿದ ಗಡಿ, ಮುಳ್ಳುತಂತಿ, ಸಾಲು ಟೆಂಟುಗಳು. ಕರ್ನಾಟಕದವರಿಗೆ ಹೆಚ್ಚೆಂದರೆ ಬೈಲುಕುಪ್ಪೆ ನೆನಪಾಗುತ್ತದೆ. 1960ರ ಹೊತ್ತಿಗೆ ಮೈಸೂರು ಸರ್ಕಾರ ಟಿಬೆಟಿನಿಂದ ಬಂದವರಿಗೆ ಅಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. ಅವರು ಕಾಡು ಕಡಿದು ಜೋಳ ಬೆಳೆದರು, ರತ್ನಗಂಬಳಿ ನೇಯ್ದು ಮಾರಿದರು. ಒಳ್ಳೆಯ ಕೆಲಸ, ಎರಡು ಮಾತಿಲ್ಲ.

ಅದೇ ದಶಕದಲ್ಲಿ ಅದೇ ಸರ್ಕಾರ ಸಾಗರ ತಾಲೂಕಿನಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿತು. 1964ರಲ್ಲಿ. ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರದ ಮೇಲೆ ಹರಿದು ಬರುವ ಶರಾವತಿ ಸಾಗರದಲ್ಲಿ ನಿಂತುಬಿಟ್ಟಳು. ಸಾಗರ, ಹೊಸನಗರದ ಊರುಗಳು, ಗದ್ದೆ, ತೋಟ, ದೇವಸ್ಥಾನ ನೀರಿನಡಿಗೆ ಹೋದವು. ಜನರನ್ನು ಗುಡ್ಡದ ಮೇಲಿನ ಕಾಡಿಗೆ ಸಾಗಿಸಿದರು. ಆದರೆ ಇವರು ನಿರಾಶ್ರಿತರಲ್ಲ. ವಿಶ್ವಸಂಸ್ಥೆಯ 1951ರ ಒಪ್ಪಂದದ ಪ್ರಕಾರ ನಿರಾಶ್ರಿತ ಅನ್ನಿಸಿಕೊಳ್ಳಬೇಕಾದರೆ ದೇಶ ಬಿಟ್ಟಿರಬೇಕು. ನಮ್ಮವರು ದಾಟಿದ್ದು ಒಂದು ಗುಡ್ಡ ಅಷ್ಟೆ. ಹಾಗಾಗಿ ಕಾಗದದಲ್ಲಿ ಮುಳುಗಡೆ ಸಂತ್ರಸ್ತರು, ಊರಿನ ಬಾಯಲ್ಲಿ ಮುಳುಗಡೆಯೋರು.

ನಮ್ಮಜ್ಜಿ ಮುಳುಗಡೆಯೋರು. ಸೋದರತ್ತೆ ಹುಟ್ಟಿದ್ದು ಗುಡ್ಡದ ಮೇಲೆ, ನೀರು ಬಂದ ನಂತರ. ಅತ್ತೆ ಹಸೆ ಚಿತ್ತಾರ ಬರೆಯುತ್ತಾಳೆ. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಇದು ಸಾಗರ, ಹೊಸನಗರ ಕಡೆಯ ದೀವರ ಹೆಂಗಸರ ಕಲೆ. ಮದುವೆಯಲ್ಲಿ ಹಸೆಗೋಡೆಯ ಮೇಲೆ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿಯ ಮೇಲೆ ಬರೆಯುವಂಥದ್ದು. ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಕಲು ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಅಂದ್ರೆ ಪುಂಡಿ ನಾರು. ಸ್ಕೇಲ್ ಇಲ್ಲ, ಪೆನ್ಸಿಲ್ ಇಲ್ಲ, ಆದರೂ ಗೆರೆ ಒಂದು ಕೂದಲಿನಷ್ಟೂ ಸೊಟ್ಟ ಹೋಗಲ್ಲ.

ಬೆಂಗಳೂರಲ್ಲಿ ಡಿಸೈನ್ ಓದೋ ಅಕ್ಕನ ಮಗಳು ಹೋದ ವರ್ಷ ಗೆಳತಿಯರನ್ನು ಕಟ್ಟಿಕೊಂಡು ಅತ್ತೆಯ ಊರಿಗೆ ಹೋದಳು. ಕಾಲೇಜಿನ ಪ್ರಾಜೆಕ್ಟು. ಊರಿನ ಏಳೆಂಟು ಹೆಂಗಸರ ಕೈಲಿ ಚಿತ್ತಾರದ ನೋಟ್‌ಬುಕ್, ಬುಟ್ಟಿ, ಗೋಡೆಗೆ ಹಾಕೋ ಚಿತ್ರ ಮಾಡಿಸಿ ಬೆಂಗಳೂರಲ್ಲಿ ಮಾರಿದರು. ದುಡ್ಡು ಒಂದು ಪೈಸೆ ಮುಟ್ಟದೆ ಊರಿಗೆ ಕಳಿಸಿದರು. ಹುಡುಗಿಯರ ಮೇಲೆ ಹೆಮ್ಮೆಯೇ ಆಯ್ತು. ಆದರೆ ಒಂದೊಂದು ವಸ್ತುವಿಗೂ ಒಂದು ಚೀಟಿ ಕಟ್ಟಿದ್ದರು: ‘ನೀವು ಕೊಳ್ಳುವ ಪ್ರತಿ ವಸ್ತುವೂ ಮುಳುಗಡೆ ಸಂತ್ರಸ್ತ ಮಹಿಳೆಗೆ ನೀವು ಮಾಡುವ ಸಹಾಯ.’

ಈ ‘ಸಹಾಯ’ ಅನ್ನೋ ಪದ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾರು ಯಾರಿಗೆ ಮಾಡ್ತಿರೋ ಸಹಾಯ ಇದು?

ಲೆಕ್ಕ ಹಾಕಿ ನೋಡಿ. ಆ ನೀರಿನಿಂದ ಓಡುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್. ಬೆಂಗಳೂರಿನ ಕಾರ್ಖಾನೆಗಳು ಓಡಿದ್ದರಲ್ಲಿ, ಆಮೇಲೆ ನಮ್ಮಂಥವರ ಆಫೀಸುಗಳು ಎದ್ದದ್ದರಲ್ಲಿ ಆ ಕರೆಂಟಿನ ಪಾಲು ಸಣ್ಣದಲ್ಲ. ಇನ್ನು ಕೊಟ್ಟವರಿಗೆ ಸಿಕ್ಕಿದ್ದೇನು? ಮುಳುಗಿದ ಭೂಮಿಯಲ್ಲಿ ದುಡಿಯುತ್ತಿದ್ದವರಲ್ಲಿ ಬಹಳಷ್ಟು ಜನ ಗೇಣಿದಾರರು. ಕಾಗೋಡು ಸತ್ಯಾಗ್ರಹ 1951ರಲ್ಲೇ ಆಗಿತ್ತು, ನಿಜ. ಆದರೆ ಉಳುವವನೇ ಹೊಲದೊಡೆಯ ಅನ್ನೋ ಮಾತು ಗಟ್ಟಿ ಕಾನೂನಾಗಿದ್ದು 1974ರಲ್ಲಿ. ಅಷ್ಟರಲ್ಲಿ ನೀರು ಬಂದು ಹತ್ತು ವರ್ಷ. ತಮ್ಮ ಹೆಸರಲ್ಲಿ ಇಲ್ಲದ ಭೂಮಿಗೆ ಪರಿಹಾರ ಕೇಳೋದು ಹೇಗೆ? ಹೋಗಿ ಕೂತ ಜಾಗ ದಾಖಲೆಯಲ್ಲಿ ಅರಣ್ಯ. ಹಕ್ಕುಪತ್ರದ ಹೋರಾಟ ಇವತ್ತಿಗೂ ಮುಗಿದಿಲ್ಲ. ಹಿನ್ನೀರಿನಾಚೆ ಉಳಿದ ತುಮರಿ ಕಡೆಯವರು ಲಾಂಚಿಗೆ ಕಾದು ಕಾದು, ಸೇತುವೆ ಉದ್ಘಾಟನೆ ಆಗಿದ್ದು 2025ರ ಜುಲೈಯಲ್ಲಿ.

ಅಂದಮೇಲೆ ಸಾಲ ಕೊಟ್ಟವರು ಯಾರು, ತಗೊಂಡವರು ಯಾರು? ಸಾಲಗಾರ ಬಂದು ಸಾಹುಕಾರನ ಕೈಗೆ ಐನೂರು ರೂಪಾಯಿ ಇಟ್ಟು ‘ಇದು ನನ್ನ ಸಹಾಯ’ ಅಂದರೆ ಹೇಗಿರುತ್ತೆ? ಚೀಟಿ ಮಾಡಿದ್ದು ಅದನ್ನೇ. ಮುಳುಗಡೆಯೋರ ಮೊಮ್ಮಗನಾಗಿ, ಆ ಕರೆಂಟಲ್ಲೇ ಸಂಬಳ ಎಣಿಸುವವನಾಗಿ, ನಾನು ಈ ಖಾತೆಯ ಎರಡೂ ಕಡೆ ಇದ್ದೇನೆ.

ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಿದೆ. ಅವಳು ಸುಮ್ಮನಿರಲಿಲ್ಲ. “ಮಾವಾ, ಚೀಟಿ ಇಲ್ಲದಾಗ ದಿನಕ್ಕೆ ನಾಲ್ಕು ಹೋಗ್ತಿತ್ತು, ಕಟ್ಟಿದ ಮೇಲೆ ಹತ್ತು. ನಿನ್ನ ಋಣದ ತತ್ವಕ್ಕೋಸ್ಕರ ಅವರು ಆರು ಬುಟ್ಟಿ ಕಳ್ಕೋಬೇಕಾ?” ಅಂದಳು.

ಇದು ಗಟ್ಟಿ ಪ್ರಶ್ನೆ. ಮಗನ ಕಾಲೇಜು ಫೀಸಿಗೆ ದುಡ್ಡು ಬೇಕಾದವರ ಮುಂದೆ ನಿಂತು ಪದದ ಶುದ್ಧಿ ಮಾತಾಡೋದು ಹೊಟ್ಟೆ ತುಂಬಿದವರ ಚಟ ಆಗಬಹುದು. ಜೊತೆಗೆ, ಚೀಟಿ ನೋಡಿದ ಹತ್ತರಲ್ಲಿ ಒಬ್ಬರಾದರೂ ಲಿಂಗನಮಕ್ಕಿ ಕಥೆ ಕೇಳಿರುತ್ತಾರೆ. ಹಾಗಂತ ನನ್ನ ಕಿರಿಕಿರಿ ಹೋಗಲಿಲ್ಲ. ಕೊನೆಗೆ ಅತ್ತೆಗೇ ಫೋನ್ ಮಾಡಿದೆ. ಚೀಟಿಯಲ್ಲಿ ಏನು ಬರೆದಿದೆ ಅಂತ ಆವರೆಗೆ ಅವಳಿಗೆ ಯಾರೂ ಓದಿ ಹೇಳಿರಲಿಲ್ಲ. ಕೇಳಿ ನಕ್ಕಳು. “ಪಾಪ ಅಂತ ತಗಳೋರು ಒಂದ್ಸಲ ತಗಳ್ತಾರೆ ತಮಾ. ಚೆಂದಾಗಿದೆ ಅಂತ ತಗಳೋರು ಮತ್ತೆ ಬರ್ತಾರೆ. ಮುಳುಗಡೆದು ಸರ್ಕಾರದ ಹತ್ರ ಕೇಳಾದು, ಬುಟ್ಟಿ ತಗಳೋರ ಹತ್ರ ಎಂತಕ್ಕೆ?”

ನನಗೆ ಬೇಕಾಗಿದ್ದ ಗೆರೆ ಅತ್ತೆ ಎಳೆದುಬಿಟ್ಟಿದ್ದಳು. ಬೆಲೆಯ ಖಾತೆ ಬೇರೆ, ಋಣದ ಖಾತೆ ಬೇರೆ. ಚಿತ್ತಾರ ಅಣೆಕಟ್ಟಿಗಿಂತ ಹಳೆಯದು. ಅದರ ಬೆಲೆ ಕೈಯ ಪಳಗಿಕೆಗೆ, ಕೂತ ಹೊತ್ತಿಗೆ. ಅದನ್ನು ಕನಿಕರಕ್ಕೆ ಮಾರಿದರೆ ಕಲೆಯ ಬೆಲೆ ಇಳಿಯುತ್ತೆ. ಅದಕ್ಕಿಂತ ದೊಡ್ಡ ಅಪಾಯ, ಕೊಂಡವರಿಗೆ ಋಣ ತೀರಿತು ಅನ್ನೋ ಸಮಾಧಾನ ಸಿಕ್ಕಿಬಿಡುತ್ತೆ. ಒಂದು ನೋಟ್‌ಬುಕ್ಕಿಗೆ ಒಂದು ನದಿಯ ರಶೀದಿ!

ಹಾಗಾದರೆ ಹುಡುಗಿಯರು ಮಾಡಬೇಕಾದ್ದೇನು? ನಮ್ಮ ಸೀಮೆಯಲ್ಲೇ ಒಂದು ಮಾದರಿ ಇದೆ. ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಹಳ್ಳಿ ಹೆಂಗಸರ ಜೊತೆ ಸೇರಿ ಕಟ್ಟಿದ ‘ಚರಕ’. ಅದು ಸಹಕಾರ ಸಂಘ. ನೂಲಿಗೆ ಬಣ್ಣ ಹಾಕೋರು, ನೇಯೋರು, ಹೊಲಿಯೋರೇ ಸದಸ್ಯರು. ಅಡಿಕೆ ಚೊಗರಿನ ಬಣ್ಣದ ಅಂಗಿಯನ್ನು ‘ದೇಸಿ’ ಅಂಗಡಿಯಲ್ಲಿ ನಾವು ಕೊಳ್ಳೋದು ಅದು ಅಂಗಿಯಾಗಿ ಚೆನ್ನಾಗಿದೆ ಅಂತ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಯಲ್ಲಿ ಮಾಡಿದ ವಸ್ತುಗಳಿಗೆ ತೆರಿಗೆ ಬೇಡ ಅಂತ ಪ್ರಸನ್ನ ಉಪವಾಸ ಕೂತರು. ಅಂಗಿಯನ್ನು ಅಂಗಡಿಯಲ್ಲಿ ಮಾರಿದರು, ನ್ಯಾಯವನ್ನು ಬೀದಿಯಲ್ಲಿ ಕೇಳಿದರು. ಎರಡನ್ನೂ ಒಂದೇ ಚೀಟಿಗೆ ಕಟ್ಟಲಿಲ್ಲ.

ಅಕ್ಕನ ಮಗಳ ಗುಂಪು ಈಗ ಚೀಟಿ ಬರೆಯೋ ಕೆಲಸವನ್ನು ಅತ್ತೆಯ ಗುಂಪಿಗೆ ಬಿಟ್ಟಿದೆ. ಸದ್ಯಕ್ಕೆ ಅದರಲ್ಲಿರೋದು ಬರೆದವರ ಹೆಸರು, ಊರು, ಹಿಡಿದ ದಿನಗಳು. ಮಾರಾಟ ಸ್ವಲ್ಪ ಇಳಿದಿದೆ. ಬೆಲೆ ಸ್ವಲ್ಪ ಏರಿಸಿದ್ದಾರೆ, ಅದನ್ನೂ ಅವರೇ ಕೂತು ಗೊತ್ತು ಮಾಡಿದ್ದು. ಲೆಕ್ಕ ಸರಿಹೋಗುತ್ತೋ ಇಲ್ಲವೋ ನೋಡಬೇಕು. ಸರಿಹೋಗದಿದ್ದರೆ ಹಳೇ ಚೀಟಿಯನ್ನೇ ವಾಪಸ್ ಕಟ್ಟೋ ಸ್ವಾತಂತ್ರ್ಯವೂ ಅವರದೇ.

ನಮ್ಮ ಪಾಲಿನದ್ದು ಬೇರೆ ಇದೆ. ಬುಟ್ಟಿ ಚೆನ್ನಾಗಿದ್ದರೆ ಪೂರ್ತಿ ಬೆಲೆ ಕೊಟ್ಟು ತಗೊಳ್ಳೋಣ, ಚೆನ್ನಾಗಿಲ್ಲದಿದ್ದರೆ ಬಿಡೋಣ. ಹಕ್ಕುಪತ್ರದ ಸುದ್ದಿ ಪೇಪರಿನ ಒಳಪುಟದಲ್ಲಿ ಬಂದಾಗ ಪುಟ ತಿರುಗಿಸದೆ ಓದೋಣ. ಅದೇ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಮಾತು ನಡೀತಿರುವಾಗ, ಈ ಸಲ ಯಾರ ಜಾಗ ಹೋಗುತ್ತೆ, ಅವರನ್ನು ಕೇಳಿದ್ದಾರಾ ಅಂತ ಬೆಂಗಳೂರಿನಿಂದಲೂ ನಾಲ್ಕು ಜನ ಕೇಳೋಣ. ಕರೆಂಟು ಬಿಲ್ಲನ್ನು ತಿಂಗಳು ತಪ್ಪದೆ ಕಟ್ಟುವ ನಮಗೆ ಈ ಇನ್ನೊಂದು ಬಾಕಿ ಯಾವ ಆ್ಯಪಿನಲ್ಲೂ ಕಾಣಿಸೋದಿಲ್ಲ.