ಆಟಗಾರನ ನಿಷ್ಠೆಯೂ ಅಭಿಮಾನಿಯ ನಿಷ್ಠೆಯೂ

ಒಬ್ಬರ ಅನ್ನವನ್ನುಂಡವನು ಅವರನ್ನು ಬಿಟ್ಟು ಮತ್ತೊಬ್ಬರ ಬಾಗಿಲಿಗೆ ಹೋದರೆ ಲೋಕವು ಅವನನ್ನು ಕೃತಘ್ನನೆನ್ನುತ್ತದೆ. ಅನ್ನವನ್ನಿಕ್ಕಿದವರೇ ಅವನನ್ನು ಹೊರಕ್ಕೆ ಕಳುಹಿಸಿದರೆ ಅದನ್ನು ವ್ಯವಹಾರವೆನ್ನುತ್ತದೆ. ಈ ಎರಡು ಮಾತುಗಳೂ ಒಂದೇ ಬಾಯಿಂದ ಹೊರಡುವುದುಂಟು. ನಿಷ್ಠೆಯೆಂಬುದು ಸೇವೆಮಾಡುವವನಿಗೆ ಮಾತ್ರ ವಿಹಿತವಾದ ಧರ್ಮವೋ, ಸೇವೆಯನ್ನು ಪಡೆಯುವವನಿಗೂ ಅದರಲ್ಲಿ ಪಾಲುಂಟೋ ಎಂಬುದು ಬಹಳ ಹಳೆಯ ಪ್ರಶ್ನೆ. ಅರಮನೆ ಗುರುಮನೆಗಳಲ್ಲಿ ಹುಟ್ಟಿದ ಈ ಪ್ರಶ್ನೆಯು ಆಟದ ಬಯಲಿನಲ್ಲಿಯೂ ಕೇಳಿಬರುತ್ತದೆ. ಆಸ್ಟ್ರೇಲಿಯದ ಜನರು ತಮ್ಮದೇ ಎಂದು ಅಭಿಮಾನಪಡುವ ಕಾಲ್ಚೆಂಡಿನ ಆಟದಲ್ಲಿ ಅದು ವರ್ಷಕ್ಕೊಮ್ಮೆ ತಪ್ಪದೆ ತಲೆಯೆತ್ತುತ್ತದೆ. ಆಟದ ಮಾತೆಂದು ಅದನ್ನು ಹಗುರವಾಗಿ ಎಣಿಸಬೇಕಾಗಿಲ್ಲ. ಮನುಷ್ಯನು ಬಿಡುವಿನ ವೇಳೆಯಲ್ಲಿ ಮಾಡುವ ತೀರ್ಪುಗಳಲ್ಲಿಯೇ ಅವನ ಮನಸ್ಸಿನ ತಕ್ಕಡಿ ನೆಟ್ಟಗಿದೆಯೋ ಇಲ್ಲವೋ ತಿಳಿಯುತ್ತದೆ.

ಆ ಆಟದ ಮೊದಲ ನಿಯಮಗಳನ್ನು ಮೆಲ್ಬೋರ್ನ್ ನಗರದಲ್ಲಿ ೧೮೫೯ರಲ್ಲಿ ಬರೆದಿಟ್ಟರು. ಅಂಡಾಕಾರದ ಬಯಲಿನಲ್ಲಿ ಪಕ್ಷಕ್ಕೆ ಹದಿನೆಂಟು ಮಂದಿಯಂತೆ ಆಡುವರು. ೧೮೯೭ರಲ್ಲಿ ವಿಕ್ಟೋರಿಯ ಪ್ರಾಂತದ ಎಂಟು ಸಂಘಗಳು ಸೇರಿ ಆಡತೊಡಗಿದ ಲೀಗು ೧೯೯೦ರಲ್ಲಿ ಆಸ್ಟ್ರೇಲಿಯನ್ ಫುಟ್ಬಾಲ್ ಲೀಗ್ ಎಂಬ ಹೆಸರನ್ನು ತಾಳಿ ಈಗ ಹದಿನೆಂಟು ಸಂಘಗಳುಳ್ಳದ್ದಾಗಿದೆ. ಈ ಸಂಘಗಳಿಗೆ ಚಂದಾ ತೆತ್ತು ಸದಸ್ಯರಾದವರ ಸಂಖ್ಯೆ ಒಟ್ಟು ಹತ್ತು ಲಕ್ಷವನ್ನು ಮೀರಿದೆ. ಮಾರ್ಚಿಯಲ್ಲಿ ಆರಂಭವಾದ ಆಟಗಳು ಸಾಮಾನ್ಯವಾಗಿ ಸೆಪ್ಟೆಂಬರಿನ ಕೊನೆಯ ಶನಿವಾರದ ಮಹಾಪಂದ್ಯದೊಡನೆ ಮುಗಿಯುತ್ತವೆ. ಆದರೆ ಮಾತು ಮುಗಿಯುವುದಿಲ್ಲ. ಅಕ್ಟೋಬರಿನಲ್ಲಿ ಆಟಗಾರರನ್ನು ಸಂಘದಿಂದ ಸಂಘಕ್ಕೆ ಬದಲಾಯಿಸಿಕೊಳ್ಳುವ ಕಾಲ ಬರುತ್ತದೆ. ಆಗ ಮನೆಮನೆಯಲ್ಲಿಯೂ ವಿಚಾರಣೆ ನಡೆಯುತ್ತದೆ. ಒಬ್ಬನು ಲೆಕ್ಕಿಗನಂತೆ, ಇಂಥವನಿಗೆ ಮೂವತ್ತು ತುಂಬಿತು, ಮೊಣಕಾಲು ಸವೆದಿದೆ, ಬೆಲೆ ಬರುವಾಗಲೇ ಕೊಟ್ಟುಬಿಡುವುದು ಲೇಸು ಎನ್ನುತ್ತಾನೆ. ಇನ್ನೊಬ್ಬನು, ಹತ್ತು ವರ್ಷ ನಮ್ಮ ಬಣ್ಣವನ್ನು ತೊಟ್ಟವನನ್ನು ಕೊಡುವುದೆಂದರೇನು ಎಂದು ಕಣ್ಣೀರಿಡುತ್ತಾನೆ. ಮೂರನೆಯವನು ಅಧಿಕಾರಿಗಳ ಬುದ್ಧಿಯನ್ನೇ ಹಳಿಯುತ್ತಾನೆ. ತಾನಾಗಿ ಹೊರಟುಹೋದವನ ವಿಷಯದಲ್ಲಿ ಮಾತ್ರ ಮೂವರೂ ಕೂಡಿ ‘ದ್ರೋಹಿ’ ಎನ್ನುವುದುಂಟು.

ಈ ಮಾತು ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ರಾನ್ ಬರಾಸ್ಸಿಯ ಚರಿತ್ರೆಯಿಂದ ವಿಚಾರಿಸಬಹುದು. ಅವನ ತಂದೆ ಮೆಲ್ಬೋರ್ನ್ ಸಂಘದ ಆಟಗಾರ. ೧೯೪೦ರಲ್ಲಿ ಆ ಸಂಘವು ಅಗ್ರಪದವಿಯನ್ನು ಗೆದ್ದಾಗ ಅವನೂ ತಂಡದಲ್ಲಿದ್ದನು. ಮರುವರ್ಷ ಟೊಬ್ರುಕ್ ಯುದ್ಧದಲ್ಲಿ ಮಡಿದನು. ಆಗ ಮಗನಿಗೆ ಐದು ವಯಸ್ಸು. ತಂದೆಯ ಜತೆಯಲ್ಲಿ ಆಡಿದ್ದ ನಾರ್ಮ್ ಸ್ಮಿತ್ ಎಂಬಾತನು ಮುಂದೆ ಅದೇ ಸಂಘದ ತರಬೇತುದಾರನಾಗಿ, ಹುಡುಗನಿಗೆ ತನ್ನ ಮನೆಯಲ್ಲಿ ಆಶ್ರಯವಿತ್ತು ವಿದ್ಯೆಯನ್ನೂ ಕಲಿಸಿದನು. ತಂದೆ ಆಡಿದ ಸಂಘಕ್ಕೆ ಮಗನು ಸೇರಬಹುದೆಂಬ ನಿಯಮದಂತೆ ಬರಾಸ್ಸಿ ೧೯೫೩ರಲ್ಲಿ ಮೆಲ್ಬೋರ್ನಿನ ಪರವಾಗಿ ಆಡತೊಡಗಿದನು. ಹನ್ನೆರಡು ವರ್ಷಗಳಲ್ಲಿ ಸಂಘವು ಆರು ಸಾರಿ ಅಗ್ರಪದವಿಯನ್ನು ಪಡೆಯಿತು. ಕೊನೆಯ ಎರಡು ಸಾರಿ ಅವನೇ ನಾಯಕ. ೧೯೬೪ರ ಜಯವಾದ ಮೇಲೆ ಅವನು ಕಾರ್ಲ್ಟನ್ ಸಂಘಕ್ಕೆ ನಾಯಕನೂ ತರಬೇತುದಾರನೂ ಆಗಿ ಹೊರಟುಹೋದನು. ಮೆಲ್ಬೋರ್ನಿನ ಅಭಿಮಾನಿಗಳಿಗೆ ಸಿಡಿಲೆರಗಿದಂತಾಯಿತು. ಆ ಬಳಿಕ ಆ ಸಂಘವು ಮತ್ತೊಮ್ಮೆ ಅಗ್ರಪದವಿಯನ್ನು ಕಂಡದ್ದು ಐವತ್ತೇಳು ವರ್ಷಗಳ ಮೇಲೆ, ೨೦೨೧ರಲ್ಲಿ.

ಹೊರನೋಟಕ್ಕೆ ಇದಕ್ಕಿಂತ ಸ್ಪಷ್ಟವಾದ ಕೃತಘ್ನತೆಯ ಉದಾಹರಣೆ ಬೇಕೆ? ತಂದೆಯ ಸಂಘ, ಪೋಷಿಸಿದ ಗುರು, ನಾಯಕಪದವಿ ಇವೆಲ್ಲವನ್ನೂ ಬಿಟ್ಟು ಹೋದವನು ಅವನು. ಆದರೂ ಬಿಟ್ಟುಹೋದ ಮಾತ್ರಕ್ಕೆ ದೋಷ, ಉಳಿದ ಮಾತ್ರಕ್ಕೆ ಗುಣ ಎಂಬ ನಿಯಮವನ್ನು ಹಿಂದಿನವರು ಒಪ್ಪಿದಂತೆ ತೋರುವುದಿಲ್ಲ. ಅಣ್ಣನನ್ನು ಬಿಟ್ಟ ವಿಭೀಷಣನನ್ನೂ ಲೋಕವು ಕೊಂಡಾಡಿತು; ದುರ್ಯೋಧನನನ್ನು ಬಿಡದ ಕರ್ಣನಿಗಾಗಿಯೂ ಮರುಗಿತು. ಹೋದದ್ದು ಏಕೆ, ಹೇಗೆ, ಯಾವ ಮಾತನ್ನು ಮುರಿದು ಎಂಬುದನ್ನು ನೋಡಬೇಕಲ್ಲದೆ ಹೋದನೆಂಬುದೊಂದನ್ನೇ ನೋಡಲಾಗದು.

ವಿಭೀಷಣನು ಧರ್ಮಕ್ಕಾಗಿ ಹೋದನು, ಆಟಗಾರನು ಹಣಕ್ಕಾಗಿಯೂ ಪದವಿಗಾಗಿಯೂ ಹೋಗುತ್ತಾನೆ, ಎರಡಕ್ಕೂ ಸಾಮ್ಯವೆಲ್ಲಿ ಎಂದು ಕೇಳಬಹುದು. ಆಕ್ಷೇಪಣೆ ಸರಿಯೇ. ಆದರೆ ಬರಾಸ್ಸಿಗೆ ತರಬೇತು ಕೊಡುವ ಕಾರ್ಯದಲ್ಲಿ ಮನಸ್ಸಿತ್ತು. ಸ್ಮಿತ್ತನು ಆ ಪೀಠದಲ್ಲಿರುವವರೆಗೆ ಮೆಲ್ಬೋರ್ನಿನಲ್ಲಿ ಅವನಿಗೆ ಎಡೆಯಿರಲಿಲ್ಲ. ಎಡೆಮಾಡಿಕೊಳ್ಳಬೇಕಾದರೆ ಉಪಕಾರಿಯನ್ನೇ ಎಬ್ಬಿಸಬೇಕಾಗಿತ್ತು. ಹಾಗೆ ಉಳಿಯುವುದಕ್ಕಿಂತ ಹೊರಡುವುದರಲ್ಲಿಯೇ ಹೆಚ್ಚಿನ ಗೌರವವಿತ್ತೆನ್ನಬಾರದೆ? ಋಷಿಋಣವು ಕಲಿತುದನ್ನು ಮತ್ತೊಬ್ಬರಿಗೆ ಕಲಿಸುವುದರಿಂದ ತೀರುತ್ತದೆಂದು ಬಲ್ಲವರು ಹೇಳುವರು. ಕಾರ್ಲ್ಟನ್ ಸಂಘವು ಅವನ ತರಬೇತಿನಲ್ಲಿ ೧೯೬೮ರಲ್ಲಿಯೂ ೧೯೭೦ರಲ್ಲಿಯೂ ಗೆದ್ದಿತು. ೧೯೭೦ರ ಮಹಾಪಂದ್ಯದ ಅರ್ಧಕಾಲದಲ್ಲಿ ಅದು ಕಾಲಿಂಗ್ವುಡ್ ಸಂಘಕ್ಕಿಂತ ನಲವತ್ತನಾಲ್ಕು ಅಂಕಗಳಷ್ಟು ಹಿಂದುಳಿದಿದ್ದು, ಒಂದು ಲಕ್ಷ ಇಪ್ಪತ್ತೊಂದು ಸಾವಿರ ಪ್ರೇಕ್ಷಕರ ಎದುರಿಗೆ ಜಯವನ್ನು ಕಿತ್ತುಕೊಂಡಿತು. ಸ್ಮಿತ್ತನ ಮನೆಯಲ್ಲಿ ಕಲಿತ ವಿದ್ಯೆ ಬೇರೊಂದು ಬಣ್ಣದ ಅಂಗಿಯಲ್ಲಿ ಫಲಿಸಿತೇ ಹೊರತು ನಷ್ಟವಾಗಲಿಲ್ಲ.

ಇಂದಿನ ಆಟಗಾರನ ಸ್ಥಿತಿಯಲ್ಲಿ ಇನ್ನೊಂದು ವಿಶೇಷವುಂಟು. ೧೯೮೬ರಿಂದ ಹೊಸ ಹುಡುಗರನ್ನು ಸಂಘಗಳು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ ಬಂದಿದೆ. ಪಟ್ಟಿಯಲ್ಲಿ ಕೆಳಗಿರುವ ಸಂಘಕ್ಕೆ ಮೊದಲ ಸರದಿ. ಹದಿನೆಂಟು ವರ್ಷದ ಹುಡುಗನು ತನ್ನನ್ನು ಕರೆದ ಊರಿಗೆ, ಅದು ಸಾವಿರಾರು ಮೈಲಿ ದೂರವಿದ್ದರೂ, ಹೋಗತಕ್ಕದ್ದು. ತಾನು ವರಿಸದ ಸಂಘಕ್ಕೆ ಅವನು ಜನ್ಮಪರ್ಯಂತ ಕಟ್ಟುಬೀಳಬೇಕೆನ್ನುವುದು ಯಾವ ನ್ಯಾಯ? ಆದಕಾರಣವೇ, ಒಂದೇ ಸಂಘದಲ್ಲಿ ಎಂಟು ವರ್ಷಗಳಷ್ಟು ಸೇವೆಮಾಡಿ ಕರಾರು ಮುಗಿದವನು ತನಗೆ ಬೇಕಾದಲ್ಲಿಗೆ ಹೋಗುವ ಸ್ವಾತಂತ್ರ್ಯಕ್ಕೆ ೨೦೧೨ರಿಂದ ಅವಕಾಶವಾಯಿತು. ಮರುವರ್ಷವೇ ಲ್ಯಾನ್ಸ್ ಫ್ರಾಂಕ್ಲಿನ್ ಎಂಬ ಪ್ರಸಿದ್ಧನು, ಆಗತಾನೆ ಅಗ್ರಪದವಿಯನ್ನು ಗೆದ್ದ ಹಾಥಾರ್ನ್ ಸಂಘವನ್ನು ಬಿಟ್ಟು, ಒಂಬತ್ತು ವರ್ಷಗಳ ಕರಾರಿನ ಮೇಲೆ ಸಿಡ್ನಿಗೆ ಹೋದನು. ಅವನು ಕರಾರನ್ನು ಮುರಿಯಲಿಲ್ಲ; ಮುಗಿಸಿ ಹೋದನು. ಮುಂದಿನ ವರ್ಷ ಅವನ ಹೊಸ ಸಂಘವನ್ನೇ ಹಾಥಾರ್ನ್ ಮಹಾಪಂದ್ಯದಲ್ಲಿ ಸೋಲಿಸಿತು. ಹಳೆಯ ಅಭಿಮಾನಿಗಳಿಗೆ ಅದು ದೈವವಿತ್ತ ತೀರ್ಪಿನಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನು ನೋಡಬೇಕು. ೨೦೨೦ರ ಕೊನೆಯಲ್ಲಿ ಕಾಲಿಂಗ್ವುಡ್ ಸಂಘಕ್ಕೆ ಸಂಬಳದ ಲೆಕ್ಕ ಹೊಂದದಾಯಿತು. ಯಾವ ಸಂಘವೂ ಆಟಗಾರರಿಗೆಲ್ಲ ಸೇರಿ ಇಂತಿಷ್ಟಕ್ಕಿಂತ ಹೆಚ್ಚು ಕೊಡಕೂಡದೆಂದು ಲೀಗಿನ ಕಟ್ಟಳೆ. ಒಂದೇ ಕಾಲದಲ್ಲಿ ಮೂವರು ಹೊರಗೆ ಹೋಗಬೇಕಾಯಿತು. ಅವರಲ್ಲಿ ಆಡಮ್ ಟ್ರೆಲೋರ್ ಎಂಬವನಿಗೆ ಇನ್ನೂ ಐದು ವರ್ಷಗಳ ಕರಾರು ಉಳಿದಿತ್ತು. ತನಗೆ ಹೋಗಲು ಇಷ್ಟವಿಲ್ಲವೆಂದು ಅವನು ಬಹಿರಂಗವಾಗಿಯೇ ಹೇಳಿದ್ದನು. ಕಡೆಗೆ ವೆಸ್ಟರ್ನ್ ಬುಲ್‌ಡಾಗ್ಸ್ ಸಂಘಕ್ಕೆ ಹೋದನು. ಇಲ್ಲಿ ಮಾತು ಕೊಟ್ಟವರು ಯಾರು, ಅದು ಭಾರವೆಂದೆಣಿಸಿದವರು ಯಾರು? ಆಟಗಾರನು ಕರಾರಿನ ಮಧ್ಯದಲ್ಲಿ ಹೋಗಬಯಸಿದ್ದರೆ ಏನೆನ್ನುತ್ತಿದ್ದರೋ ಅದನ್ನೇ ಅಧಿಕಾರಿಗಳಿಗೆ ಹೇಳಿದ ಅಭಿಮಾನಿಗಳು ಉಂಟು, ಅವರದು ಸಮದೃಷ್ಟಿ. ಲೆಕ್ಕ ಸರಿಹೋಗಬೇಕಾದರೆ ಅನಿವಾರ್ಯವೆಂದು ತಲೆದೂಗಿದವರೂ ಉಂಟು. ಕಾಲಿಂಗ್ವುಡ್ ೨೦೨೧ರಲ್ಲಿ ಹದಿನೇಳನೆಯ ಸ್ಥಾನಕ್ಕೆ ಇಳಿದಾಗ ಮೊದಲಿನವರು ಪಾಪದ ಫಲವೆನ್ನಬಹುದಾಗಿತ್ತು. ೨೦೨೩ರಲ್ಲಿ ಅದೇ ಸಂಘವು ನಾಲ್ಕಂಕಗಳಿಂದ ಅಗ್ರಪದವಿಯನ್ನು ಗೆದ್ದಾಗ ಎರಡನೆಯವರು ಜಾಣತನದ ಫಲವೆನ್ನಬಹುದಾಗಿತ್ತು. ಎರಡೂ ತಪ್ಪು. ಕೊಟ್ಟ ಮಾತಿನ ಬೆಲೆಯನ್ನು ಮುಂದಿನ ವರ್ಷದ ಜಯಾಪಜಯಗಳಿಂದ ಕಟ್ಟಲಾಗದು.

ಸಂಘದ ಪರವಾಗಿಯೂ ಹೇಳಬೇಕಾದುದಿದೆ. ಸಂಬಳಕ್ಕೆ ಮಿತಿಯನ್ನು ಇಟ್ಟದ್ದು ಧನಿಕಸಂಘವೊಂದೇ ಒಳ್ಳೆಯವರನ್ನೆಲ್ಲ ಕೊಂಡು ಬಡಸಂಘವನ್ನು ತುಳಿಯದಿರಲೆಂದು. ಆ ಮಿತಿಯಿರುವವರೆಗೆ ಒಬ್ಬನನ್ನು ಉಳಿಸಿಕೊಂಡರೆ ಮತ್ತೊಬ್ಬನನ್ನು ಕಳೆದುಕೊಳ್ಳಲೇಬೇಕು. ಅಧಿಕಾರಿಗಳು ಒಬ್ಬ ಆಟಗಾರನಿಗೆ ಮಾತ್ರವಲ್ಲ, ಸಾವಿರಾರು ಸದಸ್ಯರಿಗೂ ಹೊಣೆಗಾರರು. ಆದುದರಿಂದ ಬದಲಾವಣೆಯೇ ಅಧರ್ಮವೆನ್ನಲಾಗದು. ಆದರೆ ತೀರಿಸಲಾಗದ ಮಾತನ್ನು ಮೊದಲೇ ಕೊಡುವುದು ತಪ್ಪು. ಹೋಗಬೇಕಾದವನಿಗೆ ಎದುರಿಗೆ ನಿಜವನ್ನು ಹೇಳದೆ, ಅವನು ನೆರೆಯವರ ಬಾಯಿಂದ ಕೇಳುವಂತೆ ಮಾಡುವುದೂ ತಪ್ಪು. ಆಟಗಾರನಿಗೂ ಇದೇ ಅಳತೆ: ಹೋಗಲಿ, ಆದರೆ ಇರುವೆನೆಂದು ನಂಬಿಸಿ ಹೋಗದಿರಲಿ, ಇರುವ ತನಕ ಮನಸ್ಸಿಟ್ಟು ಆಡಲಿ.

ಇನ್ನು ಅಭಿಮಾನಿಯ ಮಾತು. ಈ ಮೂವರಲ್ಲಿ ಹೋಗಲಾರದವನು ಅವನೊಬ್ಬನೇ. ಆಟಗಾರನಿಗೆ ಬೇರೆ ಸಂಘವುಂಟು, ಸಂಘಕ್ಕೆ ಬೇರೆ ಆಟಗಾರನುಂಟು; ಅಭಿಮಾನಿಗೆ ಬೇರೆ ಬಾಲ್ಯವಿಲ್ಲ. ಅಪ್ಪನ ಹೆಗಲ ಮೇಲೆ ಕುಳಿತು ಕಂಡ ಬಣ್ಣವನ್ನು ಅವನು ಬದಲಾಯಿಸನು. ಅವನ ಕೋಪದಲ್ಲಿ ಅಸೂಯೆಗಿಂತ ಈ ಅಸಹಾಯತೆಯೇ ಹೆಚ್ಚು. ಅವನು ಪ್ರೀತಿಸುವ ವಸ್ತುವಾದರೂ ಯಾವುದು? ಆಟಗಾರರು ಹತ್ತು ಹನ್ನೆರಡು ವರ್ಷಗಳಲ್ಲಿ ಮಾಯವಾಗುತ್ತಾರೆ. ಊರೇ ಹೋದದ್ದೂ ಉಂಟು: ಸೌತ್ ಮೆಲ್ಬೋರ್ನ್ ಸಂಘವು ೧೯೮೨ರಲ್ಲಿ ಸಿಡ್ನಿಗೆ ಒಕ್ಕಲುಹೋಯಿತು; ಫಿಟ್ಜ್‌ರಾಯ್ ಸಂಘದ ಆಟಗಳು ೧೯೯೬ರ ಕೊನೆಗೆ ಬ್ರಿಸ್ಬೇನಿನೊಡನೆ ಲೀನವಾದವು. ಆದರೆ ೧೯೮೯ರಲ್ಲಿ ಫುಟ್ಸ್‌ಕ್ರೇ ಸಂಘವನ್ನು ಮತ್ತೊಂದರಲ್ಲಿ ಬೆರಸಹೊರಟಾಗ ಅಭಿಮಾನಿಗಳು ಬೀದಿಬೀದಿಯಲ್ಲಿ ಹಣವೆತ್ತಿ ಅದನ್ನು ಉಳಿಸಿದರು. ೧೯೯೬ರಲ್ಲಿ ಹಾಥಾರ್ನಿನ ಸದಸ್ಯರು ತಮ್ಮ ಸಂಘವನ್ನು ಮೆಲ್ಬೋರ್ನಿನೊಡನೆ ಕೂಡಿಸಬಾರದೆಂದು ಮತವಿತ್ತು ತಡೆದರು. ನೀರು ಹರಿದುಹೋಗುತ್ತಿದ್ದರೂ ನದಿ ಉಳಿಯುವುದು ದಡದಿಂದ. ಆ ದಡವೇ ಅಭಿಮಾನಿಗಳು.

ದಡಕ್ಕೆ ನೀರನ್ನು ನಿಲ್ಲಿಸುವ ಅಧಿಕಾರವಿಲ್ಲ. ಅಭಿಮಾನಿಯ ನಿಷ್ಠೆ ಅವನು ತಾನಾಗಿ ಕೊಟ್ಟದ್ದು. ಅದು ಸಾಲವಲ್ಲವಾದ್ದರಿಂದ ಮರಳಿ ಕೇಳುವಂತಿಲ್ಲ. ಮತ್ತೊಬ್ಬನ ಬಾಳು ತನ್ನ ನೆನಪಿಗೆ ಒಪ್ಪುವಂತೆ ನಡೆಯಬೇಕೆಂದು ವಿಧಿಸುವ ಹಕ್ಕು ಪ್ರೀತಿಗೆ ಬರುವುದಿಲ್ಲ. ಅವನು ಕೇಳಬಹುದಾದದ್ದು ಪ್ರಾಮಾಣಿಕತೆಯೊಂದನ್ನು. ಅದನ್ನು ಆಟಗಾರನಿಂದ ಕೇಳುವಷ್ಟೇ ಗಟ್ಟಿಯಾಗಿ ಅಧಿಕಾರಿಗಳಿಂದಲೂ ಕೇಳಬೇಕು. ತನಗೆ ಬಿಟ್ಟ ಕರ್ತವ್ಯ ಇನ್ನೊಂದುಂಟು: ಬಂದ ಉಪಕಾರವನ್ನು ನೆನೆಯುವುದು. ಹೋದವನನ್ನು ಕೃತಘ್ನನೆಂದು ಕರೆಯುವ ಭರದಲ್ಲಿ, ಅವನು ಕೊಟ್ಟ ಹತ್ತು ವರ್ಷಗಳ ಸಂತೋಷವನ್ನು ಮರೆತವನು ತಾನೇ ಕೃತಘ್ನನಾಗುತ್ತಾನೆ.

ಬರಾಸ್ಸಿಯು ಬಿಟ್ಟುಹೋದ ಮೆಲ್ಬೋರ್ನ್ ಸಂಘವೇ ಅವನನ್ನು ೧೯೮೧ರಲ್ಲಿ ತರಬೇತುದಾರನನ್ನಾಗಿ ಮರಳಿ ಕರೆಯಿತು. ೨೦೨೩ರ ಸೆಪ್ಟೆಂಬರಿನಲ್ಲಿ ಅವನು ಎಂಬತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡಾಗ, ೧೯೬೪ರಲ್ಲಿ ನೊಂದವರೂ ಅಂದು ಹಿಗ್ಗಿದವರೂ ಒಂದೇ ದುಃಖವನ್ನು ಹಂಚಿಕೊಂಡರು. ಅವನ ಸ್ಮರಣಸಭೆಯು ಮೆಲ್ಬೋರ್ನಿನ ಆ ಮಹಾಬಯಲಿನಲ್ಲಿಯೇ ನಡೆಯಿತು. ಹೋದವನೂ ಕಳೆದುಕೊಂಡವರೂ ಹೀಗೆ ಒಂದೆಡೆ ಸೇರಬಹುದಾದರೆ, ಪ್ರತಿ ಅಕ್ಟೋಬರಿನಲ್ಲಿ ತೀರ್ಪನ್ನು ಕೊಡಹೊರಟವರು ನಾಲಗೆಯನ್ನು ತುಸು ಹಿಡಿದರೆ ನಷ್ಟವೇನೂ ಇಲ್ಲ.