ಪುಸ್ತಕವಿಲ್ಲದವನಿಗೆ ಕಣ್ಣಿಲ್ಲ

ಪುಸ್ತಕವಿಲ್ಲದವನಿಗೆ ಕಣ್ಣಿಲ್ಲ ಎಂಬ ಗಾದೆ ಐಸ್‌ಲ್ಯಾಂಡಿನ ಜನರ ಬಾಯಲ್ಲಿ ಇಂದಿಗೂ ಉಳಿದುಬಂದಿದೆ. ಮೇಲ್ನೋಟಕ್ಕೆ ಇದು ವಿದ್ಯೆಯ ಪ್ರಶಂಸೆ. ಓದು ಬಲ್ಲವನಿಗೆ ಲೋಕ ಕಾಣುತ್ತದೆ, ಓದದವನು ಕಣ್ಣಿದ್ದೂ ಕುರುಡ ಎಂಬ ಅರ್ಥವನ್ನು ಯಾವ ನಾಡಿನ ಓದುಗರಾದರೂ ತಡೆಯಿಲ್ಲದೆ ಒಪ್ಪುತ್ತಾರೆ. ಆದರೆ ಎಲ್ಲ ನಾಡಿಗೂ ಸಲ್ಲುವ ಈ ಅರ್ಥವನ್ನಷ್ಟೇ ಹೇಳಿ ಮುಗಿಸಿದರೆ ಗಾದೆಗೂ ಅದು ಹುಟ್ಟಿದ ಮನೆಗೂ ಇರುವ ನಂಟು ಕಡಿದುಹೋಗುತ್ತದೆ. ಹಿಮದಲ್ಲಿ ಹುದುಗಿದ ಒಂಟಿಮನೆಯ ಒಂದೇ ಕೋಣೆಯಲ್ಲಿ, ಒಂದೇ ದೀಪವನ್ನು ನೆಚ್ಚಿ, ಮನೆಮಂದಿಯೆಲ್ಲ ಸುಮಾರು ಆರು ತಿಂಗಳ ಇರುಳುಗಳನ್ನು ಹೇಗೆ ಕಳೆಯುತ್ತಿದ್ದರು, ಅದರಲ್ಲಿ ಎಂಥ ಸುಖವನ್ನು ಕಂಡುಕೊಂಡಿದ್ದರು ಎಂಬುದನ್ನು ತಿಳಿದಮೇಲೆಯೇ ಈ ಮಾತಿನ ವಾಚ್ಯಾರ್ಥವೂ ಅದರ ಆಳವೂ ತೆರೆದುಕೊಳ್ಳುತ್ತವೆ.

ಐಸ್‌ಲ್ಯಾಂಡ್ ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಆರ್ಕ್ಟಿಕ್ ವೃತ್ತಕ್ಕೆ ತುಸುವೇ ದಕ್ಷಿಣಕ್ಕಿರುವ ದ್ವೀಪ. ಅಲ್ಲಿನ ಹಳೆಯ ಪಂಚಾಂಗದಲ್ಲಿ ವರ್ಷಕ್ಕೆ ಎರಡೇ ಋತುಗಳು: ಅಕ್ಟೋಬರ್ ಕೊನೆಯ ಭಾಗದ ಒಂದು ಶನಿವಾರ ಚಳಿಗಾಲ ತೊಡಗಿದರೆ, ಏಪ್ರಿಲ್ 19ರಿಂದ 25ರೊಳಗೆ ಬೀಳುವ ಗುರುವಾರ ಬೇಸಿಗೆ ತೊಡಗುತ್ತದೆ. ಮನುಷ್ಯನ ವಯಸ್ಸನ್ನು ಕೂಡ ಹಿಂದೆ ಅವನು ದಾಟಿದ ಚಳಿಗಾಲಗಳಿಂದಲೇ ಎಣಿಸುತ್ತಿದ್ದರು. ಜನವರಿಯ ಉತ್ತರಾರ್ಧದಲ್ಲಿ ಆರಂಭವಾಗುವ ಥೋರಿ ಮಾಸದ ಮೊದಲ ದಿನ ಮನೆಯ ಯಜಮಾನನದು, ಅದರ ಮುಂದಿನ ಮಾಸದ ಮೊದಲ ದಿನ ಮನೆಯೊಡತಿಯದು. ಕಡುಚಳಿಯ ನಟ್ಟನಡುವೆ ಗಂಡಹೆಂಡಿರನ್ನು ಬೇರೆಬೇರೆಯಾಗಿ ಆದರಿಸುವ ಈ ಎರಡು ದಿನಗಳನ್ನು ಜನ ಈಗಲೂ ಆಚರಿಸುತ್ತಾರೆ. ಡಿಸೆಂಬರಿನಲ್ಲಿ ರಾಜಧಾನಿ ರೇಕ್ಯಾವಿಕ್‌ಗೆ ಸಿಗುವ ಹಗಲು ಸುಮಾರು 4 ಗಂಟೆ. ಬೆಟ್ಟಗಳ ನಡುವೆ ಸಿಕ್ಕಿಕೊಂಡ ಈಸಾಫ್ಯೋರ್ಥುರ್‌ನಂಥ ಊರುಗಳಲ್ಲಿ ಸೂರ್ಯ ನವೆಂಬರ್ ಕೊನೆಗೆ ಬೆಟ್ಟದ ಹಿಂದೆ ಸರಿದವನು ಮತ್ತೆ ಬೀದಿಯ ಮೇಲೆ ಬಿಸಿಲು ಚೆಲ್ಲುವುದು ಜನವರಿ 25ರ ಸುಮಾರಿಗೆ, ಮತ್ತು ಆ ದಿನ ಮನೆಮನೆಯಲ್ಲೂ ತೆಳುವಾದ ಸಿಹಿದೋಸೆ ಹುಯ್ದು ‘ಸೂರ್ಯನ ಕಾಫಿ’ ಕುಡಿಯುವುದು ಅಲ್ಲಿನ ವಾಡಿಕೆ.

ಇಂಥ ಕತ್ತಲಿಗೆ ತಕ್ಕಂತೆ ಕಟ್ಟಿದ ಹಳೆಯ ಮನೆಗಳಿಗೆ ಗೋಡೆಯೆಂದರೆ ಹುಲ್ಲಿನ ಬೇರುಸಮೇತ ಕಡಿದು ಒಟ್ಟಿದ ಮಣ್ಣಿನ ಹೆಂಟೆಗಳು. ಒಳಗಿನ ಕಂಬ ತೊಲೆಗಳಿಗೆ ಹೆಚ್ಚಾಗಿ ಕಡಲು ದಡಕ್ಕೆ ತಂದೊಗೆದ ಮರವೇ ಗತಿ, ಏಕೆಂದರೆ ದ್ವೀಪದ ಕಾಡು ಬಹಳ ಹಿಂದೆಯೇ ಬರಿದಾಗಿತ್ತು. ಸೌದೆಯ ಈ ಅಭಾವದಿಂದಾಗಿ ಮನೆಯ ಎಲ್ಲ ಕೋಣೆಗಳನ್ನು ಬೆಚ್ಚಗಿಡುವ ಮಾತೇ ಇರಲಿಲ್ಲ. ಆದ್ದರಿಂದ ಮನೆಯ ಬಾಳೆಲ್ಲ ಬಾಥ್‌ಸ್ಟೋವಾ ಎಂದು ಕರೆಯುವ ಒಂದೇ ಉದ್ದನೆಯ ಕೋಣೆಗೆ ಬಂದು ಸೇರಿತು. ಎರಡು ಬದಿಯ ಗೋಡೆಗೂ ಸಾಲಾಗಿ ಮಂಚಗಳು, ಒಂದೊಂದು ಮಂಚದಲ್ಲಿ ಇಬ್ಬರಂತೆ ಮಲಗುವವರು, ಆ ಮಂಚವೇ ಅವರಿಗೆ ಹಗಲು ಕೂರುವ ಜಾಗ, ಊಟದ ಜಾಗ, ಕೆಲಸದ ಜಾಗ. ಕೆಲವೆಡೆ ಈ ಕೋಣೆಯ ಕೆಳಗೇ ದನಗಳನ್ನು ಕಟ್ಟಿ ಅವುಗಳ ಮೈಯ ಕಾವನ್ನು ಮೇಲಕ್ಕೆ ಪಡೆಯುತ್ತಿದ್ದರು. ಇಲ್ಲಿ ಕುಟುಂಬವೆಂದರೆ ತಾಯಿ ತಂದೆ ಮಕ್ಕಳಷ್ಟೇ ಆಗಿರಲಿಲ್ಲ. ಭೂಮಿಯಿಲ್ಲದವರು ಯಾವುದಾದರೊಂದು ಮನೆಗೆ ಆಳಾಗಿ ಸೇರಲೇಬೇಕೆಂಬ ಕಾನೂನು 19ನೆಯ ಶತಮಾನದ ಕೊನೆಯವರೆಗೂ ಬಿಗಿಯಾಗಿದ್ದುದರಿಂದ, ಆಳುಗಳು, ದಾಸಿಯರು, ಊರಿನವರ ಹಂಗಿನಲ್ಲಿ ಬೆಳೆಯುವ ಅನಾಥ ಮಕ್ಕಳು ಎಲ್ಲರೂ ಆ ಸಾಲುಮಂಚಗಳಲ್ಲಿ ಪಾಲುದಾರರಾಗಿದ್ದರು.

ಚಳಿಗಾಲದ ದಿನಚರಿಯಲ್ಲಿ ಕುರಿ ದನಗಳಿಗೆ ಮೇವು ನೀರು ಕೊಟ್ಟು ಗಂಡಸರು ಒಳಗೆ ಬರುವಷ್ಟರಲ್ಲಿ ಬೆಳಕು ಆರುತ್ತಿತ್ತು. ಆಗ ಕೂಡಲೇ ದೀಪ ಹಚ್ಚುತ್ತಿರಲಿಲ್ಲ. ಎಣ್ಣೆ ಉಳಿಸಲೆಂದು ಮನೆಮಂದಿಯೆಲ್ಲ ಮುಸ್ಸಂಜೆಯ ಒಂದು ಜೊಂಪು ನಿದ್ದೆ ಮುಗಿಸಿ ಏಳುತ್ತಿದ್ದರು. ಆಮೇಲೆ ದೀಪ ಹೊತ್ತಿಸಿದೊಡನೆ ತೊಡಗುವುದೇ ಕ್ವೋಲ್ಡ್‌ವಾಕಾ, ಎಂದರೆ ಸಂಜೆಯ ಎಚ್ಚರದ ಹೊತ್ತು. ಆ ದೀಪಕ್ಕೆ ಎಣ್ಣೆ ಮೀನಿನ ಅಥವಾ ಶಾರ್ಕಿನ ಪಿತ್ತಜನಕಾಂಗದಿಂದ ಇಳಿಸಿದ್ದು, ಬತ್ತಿ ಜೌಗುನೆಲದಲ್ಲಿ ಬೇಸಿಗೆಯಲ್ಲಿ ಬಿಳಿಯ ಅರಳೆಯಂತೆ ತಲೆದೂಗುವ ಹುಲ್ಲಿನ ತೆನೆಯಿಂದ ಹೊಸೆದದ್ದು. ಅದರ ಬೆಳಕು ಮಂದ, ಹೊಗೆ ಹೆಚ್ಚು. ಅಂಥ ಒಂದು ದೀಪ ಇಡೀ ಕೋಣೆಗೆ ಸಾಲದು. ಸಾಲದಿದ್ದುದರಿಂದ ಅದನ್ನು ಎಲ್ಲಿಡಬೇಕೆಂಬುದು ಮನೆಯ ಮುಖ್ಯ ತೀರ್ಮಾನಗಳಲ್ಲೊಂದಾಗುತ್ತಿತ್ತು, ಮತ್ತು ಓದುವ ಹೊತ್ತಿನಲ್ಲಿ ಅದರ ಹತ್ತಿರದ ಜಾಗ ಓದುವವರಿಗೆ ಮೀಸಲಾಗುತ್ತಿತ್ತು. ಉಳಿದವರು ತಂತಮ್ಮ ಮಂಚದ ಅರೆಗತ್ತಲಲ್ಲಿ ಬೆರಳ ತುದಿಯಿಂದಲೇ ನೋಡುತ್ತ ಕೆಲಸ ಮಾಡುತ್ತಿದ್ದರು. ಗಾದೆಯ ವಾಚ್ಯಾರ್ಥ ತೆರೆಯುವುದು ಇಲ್ಲಿಯೇ. ಕೋಣೆಯಲ್ಲಿದ್ದವರಲ್ಲಿ ಕಣ್ಣಿಗೆ ಕೆಲಸವಿದ್ದವನು ಒಬ್ಬನೇ, ಅವನ ಕೈಯಲ್ಲಿದ್ದದ್ದು ಪುಸ್ತಕ. ಅವನು ದನಿಯೆತ್ತಿ ಓದಿದಂತೆಲ್ಲ ಉಳಿದವರಿಗೂ ಕಡಲು, ಹಡಗು, ಯುದ್ಧ, ಪರದೇಶದ ಅರಮನೆ ಎಲ್ಲವೂ ಕಾಣುತ್ತಿದ್ದವು. ಪುಸ್ತಕವಿಲ್ಲದ ಮನೆ ಆ ಹೊತ್ತಿನಲ್ಲಿ ನಿಜವಾಗಿಯೂ ಕತ್ತಲಲ್ಲಿ ಕೂತ ಮನೆ. ಗಾದೆಯನ್ನು ಒಬ್ಬೊಬ್ಬನ ಪಾಂಡಿತ್ಯಕ್ಕೆ ಅನ್ವಯಿಸುವುದಕ್ಕಿಂತ ಹೀಗೆ ಒಂದು ಮನೆಗೆ ಅನ್ವಯಿಸುವುದೇ ಹೆಚ್ಚು ಸರಿಯಾದ ವ್ಯಾಖ್ಯಾನ.

ಕೈಗಳು ಏನು ಮಾಡುತ್ತಿದ್ದವು ಎಂಬುದನ್ನು ಸಮೀಪದಿಂದ ನೋಡಬೇಕು, ಏಕೆಂದರೆ ಕೇಳುವ ಸುಖ ಆ ಕೆಲಸದ ಗುಣವನ್ನೇ ಆಧರಿಸಿತ್ತು. ಐಸ್‌ಲ್ಯಾಂಡಿನ ಕುರಿಯ ಮೈಯಲ್ಲಿ ಎರಡು ಬಗೆಯ ಉಣ್ಣೆ ಇರುತ್ತದೆ: ಹೊರಗೆ ಮಳೆನೀರನ್ನು ಜಾರಿಸುವ ಉದ್ದನೆಯ ಒರಟು ಎಳೆ, ಅದಕ್ಕೆ ತೋಗ್ ಎಂದು ಹೆಸರು; ಒಳಗೆ ಕಾವು ಹಿಡಿದಿಡುವ ನವಿರಾದ ಎಳೆ, ಅದು ಥೇಲ್. ಮೊದಲು ಇವೆರಡನ್ನೂ ಕೈಯಿಂದಲೇ ಬೇರೆ ಮಾಡಬೇಕು, ಆಮೇಲೆ ಹಿಂಜಬೇಕು, ಕದಿರಿನಿಂದಲೋ ರಾಟೆಯಿಂದಲೋ ನೂಲಬೇಕು, ಎಳೆಗೆ ಎಳೆ ಕೂಡಿಸಿ ಹುರಿಮಾಡಬೇಕು, ಕೊನೆಗೆ ಹೆಣೆಯಬೇಕು ಇಲ್ಲವೆ ನೇಯಬೇಕು. 16ನೆಯ ಶತಮಾನದಲ್ಲಿ ದ್ವೀಪಕ್ಕೆ ಬಂದ ಹೆಣಿಗೆಯ ಕಲೆ ಹೆಂಗಸರ ಪಾಲಿಗಷ್ಟೇ ಉಳಿಯದೆ ಗಂಡಸರಿಗೂ ಮಕ್ಕಳಿಗೂ ಹಂಚಿಹೋಯಿತು, ಹೆಣೆದ ಕಾಲುಚೀಲ ಕೈಗವಸುಗಳು ಹಡಗೇರಿ ಹೊರದೇಶಕ್ಕೂ ಹೋದವು. ಮೀನುಗಾರರಿಗೆಂದು ಹೆಣೆಯುವ ಕೈಗವಸಿಗೆ ಎರಡು ಹೆಬ್ಬೆರಳು ಇರುತ್ತಿದ್ದವು. ಹುಟ್ಟು ಹಾಕಿ, ಗಾಳದ ಹಗ್ಗ ಎಳೆದು ಅಂಗೈಯ ಭಾಗ ಸವೆದಾಗ ಗವಸನ್ನು ಮಗುಚಿ ಇನ್ನೊಂದು ಹೆಬ್ಬೆರಳಿಗೆ ಕೈ ತೂರಿಸಿದರೆ ಸವೆಯದ ಬದಿ ಅಂಗೈಗೆ ಬರುತ್ತಿತ್ತು. ಇಂಥ ಜಾಣ್ಮೆಯ ವಸ್ತುವನ್ನು ಅರೆಗತ್ತಲಲ್ಲಿ, ಕಥೆ ಕೇಳುತ್ತ, ನೋಡದೆಯೇ ಹೆಣೆದು ಮುಗಿಸುವಷ್ಟು ಕೈ ಪಳಗಿತ್ತೆಂಬುದನ್ನು ನೆನೆದರೆ ಆ ಜನರ ಬಗ್ಗೆ ಗೌರವ ತಾನಾಗಿ ಮೂಡುತ್ತದೆ.

ಓದುತ್ತಿದ್ದುದು ಮುಖ್ಯವಾಗಿ ಎರಡು ಬಗೆಯ ಸಾಹಿತ್ಯ. ಒಂದು, ದ್ವೀಪಕ್ಕೆ ಮೊದಲು ಬಂದು ನೆಲೆಸಿದ ಕುಟುಂಬಗಳ ಒಲವು, ಹಗೆ, ವ್ಯಾಜ್ಯಗಳನ್ನು ಹೇಳುವ, 13ನೆಯ ಶತಮಾನದ ಸುಮಾರಿನಲ್ಲಿ ಬರಹಕ್ಕೆ ಇಳಿದ ಗದ್ಯಕಥನಗಳು. ಇವುಗಳಿಗೆ ಸಾಗಾ ಎಂದು ಹೆಸರು. ಕಥೆಯಲ್ಲಿ ಬರುವ ಹೊಳೆ, ಕಣಿವೆ, ಗುಡ್ಡಗಳು ಕೇಳುವವರು ಬೇಸಿಗೆಯಲ್ಲಿ ಕುರಿ ಅಟ್ಟಿಕೊಂಡು ಹೋದ ಜಾಗಗಳೇ ಆಗಿರುವುದು ಸಾಮಾನ್ಯವಾದ್ದರಿಂದ, ಕೇಳ್ಮೆಗೆ ಬೇರೆಯೇ ಒಂದು ಸಲುಗೆ ಇರುತ್ತಿತ್ತು. ಇನ್ನೊಂದು ರೀಮುರ್, ಎಂದರೆ ಪ್ರಾಸ ಅನುಪ್ರಾಸಗಳ ಕಟ್ಟುನಿಟ್ಟಿನಲ್ಲಿ ರಚಿಸಿದ ದೀರ್ಘ ಕಥನಪದ್ಯಗಳು. ಇವುಗಳನ್ನು ಬರಿದೆ ಓದದೆ, ಸಂಗೀತಕ್ಕೂ ಓದಿಗೂ ನಡುವಿನ ಒಂದು ಧಾಟಿಯಲ್ಲಿ ಹೇಳುತ್ತಿದ್ದರು. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಇದರ ಸ್ವರೂಪ ಸುಲಭವಾಗಿ ಹಿಡಿಯುತ್ತದೆ. ಪದ್ಯದ ಕೊನೆಯ ದನಿಯನ್ನು ಎಳೆದು ಹಾಡುವಾಗ ಕೇಳುಗರೂ ದನಿಗೂಡಿಸುತ್ತಿದ್ದರು. ಒಳ್ಳೆಯ ದನಿಯುಳ್ಳವರು ಹಿಮದಲ್ಲಿ ಮನೆಯಿಂದ ಮನೆಗೆ ಅಲೆಯುತ್ತ, ಓದಿ ಹಾಡಿ ಊಟ ವಸತಿ ಪಡೆಯುವುದೂ ಉಂಟಾಗಿತ್ತು. ಪುಸ್ತಕ ಮುಚ್ಚಿದಮೇಲೆ ಒಗಟುಗಳು, ಚದುರಂಗ, ಮತ್ತು ಒಬ್ಬರ ಪದ್ಯದ ಕೊನೆಯ ಅಕ್ಷರದಿಂದ ಇನ್ನೊಬ್ಬರು ಪದ್ಯ ತೊಡಗಬೇಕಾದ, ನಮ್ಮ ಅಂತ್ಯಾಕ್ಷರಿಯಂತೆಯೇ ಇರುವ ಆಟ.

ಆ ಪುಸ್ತಕಗಳು ಬಂದ ಬಗೆಯೂ ಚಳಿಗಾಲದ ಹವ್ಯಾಸವೇ. ದ್ವೀಪದ ಮುದ್ರಣಾಲಯ ಬಹುಕಾಲ ಚರ್ಚಿನ ಹಿಡಿತದಲ್ಲಿದ್ದು ಹೆಚ್ಚಾಗಿ ಧಾರ್ಮಿಕ ಗ್ರಂಥಗಳನ್ನೇ ಅಚ್ಚುಮಾಡುತ್ತಿತ್ತು. ಹೋಲರ್ ಎಂಬಲ್ಲಿ ಬಿಷಪ್ ಗುಡ್‌ಬ್ರಾಂದುರ್ ಥೋರ್ಲಾಕ್ಸೊನ್ 1584ರಲ್ಲಿ ಸ್ಥಳೀಯ ಭಾಷೆಯಲ್ಲಿ ಬೈಬಲ್ ಮುದ್ರಿಸಿದ. ಸಾಗಾ ಮತ್ತು ರೀಮುರ್‌ಗಳು ಜನರ ಕೈಗೆ ಸಿಗುತ್ತಿದ್ದುದು ಬಹುಮಟ್ಟಿಗೆ ಹಸ್ತಪ್ರತಿಗಳಾಗಿ. ಅವುಗಳನ್ನು ಎರವಲು ತಂದು, ಕುರುಚಲು ಗಿಡದ ಸೊಪ್ಪು ಕುದಿಸಿ ಇಳಿಸಿದ ಮಸಿಯಲ್ಲಿ ಹಕ್ಕಿಗರಿಯ ಲೇಖನಿ ಅದ್ದಿ ಪ್ರತಿಮಾಡಿಕೊಳ್ಳುತ್ತಿದ್ದವರು ಸಾಮಾನ್ಯ ರೈತರು. 19ನೆಯ ಶತಮಾನ ಕಳೆಯುವವರೆಗೂ ಈ ನಕಲು ಕೆಲಸ ನಡೆದೇ ಇತ್ತು.

ಇಷ್ಟಾದಮೇಲೆ ಪೂರ್ವಪಕ್ಷಕ್ಕೂ ಎಡೆಗೊಡಬೇಕು, ಏಕೆಂದರೆ ಅದೇ ನಾಡಿನ ಇನ್ನೊಂದು ಗಾದೆ ಈ ಗಾದೆಗೆ ನೇರವಾಗಿ ಎದುರು ನಿಲ್ಲುತ್ತದೆ: ಪುಸ್ತಕದ ಬುದ್ಧಿಯನ್ನು ಅಸ್ಕುರ್‌ಗೆ ಬಡಿಸಲಾಗದು. ಅಸ್ಕುರ್ ಎಂದರೆ ಮುಚ್ಚಳವುಳ್ಳ ಮರದ ಊಟದ ಬಟ್ಟಲು. ಮನೆಯ ಒಬ್ಬೊಬ್ಬರಿಗೂ ತಮ್ಮದೇ ಆದ ಅಸ್ಕುರ್ ಇರುತ್ತಿತ್ತು, ತಮ್ಮ ಪಾಲನ್ನು ಅದರಲ್ಲಿ ಪಡೆದು ಮಂಚದ ಮೇಲೆ ಕೂತು ಉಣ್ಣುತ್ತಿದ್ದರು. ಈ ಮಾತಿನ ಹಿಂದಿರುವುದು ಓದಿನ ಮೇಲಿನ ತಾತ್ಸಾರಕ್ಕಿಂತ ಹಸಿವಿನ ನೆನಪು. 1783ರ ಲಾಕಿ ಜ್ವಾಲಾಮುಖಿಯ ಸ್ಫೋಟದ ಬೆನ್ನಿಗೆ ಹುಲ್ಲು ವಿಷವಾಗಿ, ದನಕುರಿ ಸತ್ತು, ಬಂದ ಕ್ಷಾಮದಲ್ಲಿ ದ್ವೀಪದ ಐದರಲ್ಲಿ ಒಂದು ಪಾಲಿನಷ್ಟು ಜನ ಅಳಿದರು. ಅಂಥ ನಾಡಿನಲ್ಲಿ ಖಾಲಿ ಬಟ್ಟಲಿನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಎರಡು ಗಾದೆಗಳಲ್ಲಿ ಒಂದನ್ನು ಮೇಲೆಂದು ತೀರ್ಪು ಕೊಡುವ ಅಗತ್ಯವಿಲ್ಲ. ಎರಡೂ ಒಂದೇ ಕೋಣೆಯ ಮಾತುಗಳು, ಮತ್ತು ಕ್ವೋಲ್ಡ್‌ವಾಕಾದ ಏರ್ಪಾಡು ಎರಡನ್ನೂ ಏಕಕಾಲಕ್ಕೆ ಸಲ್ಲಿಸುತ್ತಿತ್ತು: ಕೈಗಳು ಬಟ್ಟಲಿಗೆ ದುಡಿದವು, ಕಿವಿಗಳು ಪುಸ್ತಕಕ್ಕೆ ತೆರೆದವು. ಪುಸ್ತಕ ಹಿಡಿದವನ ಕೈ ಉಣ್ಣೆಯಿಂದ ಬಿಡುವು ಪಡೆದಿದ್ದರೆ ಆ ಬಿಡುವಿನ ಬೆಲೆಯನ್ನು ಉಳಿದವರ ಬೆರಳುಗಳು ತೆತ್ತಿದ್ದವು. ಕೆಲಸ ಮುಗಿದಮೇಲೆ ಉಳಿದ ಹೊತ್ತಿಗೆ ವಿನೋದವೆಂದು ಹೆಸರಿಡುವ ಇಂದಿನ ರೂಢಿಯಿಂದ ಈ ಸುಖವನ್ನು ಅಳೆಯಲಾಗದು.

ಹಾಗೆಂದು ಆ ಇರುಳುಗಳನ್ನು ಬರಿಯ ಸುಖದ ಚಿತ್ರವಾಗಿ ಬರೆಯುವುದು ಅನ್ಯಾಯ. ಮಕ್ಕಳಿಗೂ ಇಂತಿಷ್ಟು ಹೆಣೆಯಲೇಬೇಕೆಂಬ ಲೆಕ್ಕವಿತ್ತು. ಕಥೆ ನಿದ್ದೆಯನ್ನು ದೂರವಿಡುವ ಉಪಾಯವೂ ಆಗಿತ್ತು. ಅಧಿಕಾರಿಗಳಿಗೂ ಈ ವಿನೋದ ಹಿಡಿಸಿರಲಿಲ್ಲ. 1741ರಿಂದ 1745ರವರೆಗೆ ಲುದ್ವಿಗ್ ಹಾರ್ಬೋ ಎಂಬ ಡೆನ್ಮಾರ್ಕಿನ ಧರ್ಮಾಧಿಕಾರಿ ದ್ವೀಪವನ್ನು ಸುತ್ತಿ ಜನರ ಓದು ಬರಹವನ್ನು ಪರೀಕ್ಷಿಸಿದ ಮೇಲೆ, 1746ರಲ್ಲಿ ಹೊರಟ ಮನೆವಾರ್ತೆಯ ಶಾಸನ ಮಕ್ಕಳಿಗೆ ಓದು ಕಲಿಸುವ ಹೊಣೆಯನ್ನು ಬಿಗಿಗೊಳಿಸಿದ್ದರ ಜೊತೆಗೆ ಸಾಗಾ, ರೀಮುರ್‌ಗಳಂಥ ನಿಷ್ಪ್ರಯೋಜಕ ಓದಿನಿಂದ ಜನರನ್ನು ದೂರವಿಡಬೇಕೆಂದೂ ಹೇಳಿತು. ಜನ ಮೊದಲನೆಯದನ್ನು ಪಾಲಿಸಿದರು, ಎರಡನೆಯದನ್ನು ಬಿಟ್ಟರು. ಇರುಳ ಕೊನೆಗೆ ಭಕ್ತಿಗ್ರಂಥದ ಪಠಣ ಮಾತ್ರ ತಪ್ಪುತ್ತಿರಲಿಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ ಹಾಲ್‌ಗ್ರೀಮುರ್ ಪ್ಯೇತುರ್ಸೊನ್ ರಚಿಸಿ 1666ರಲ್ಲಿ ಮೊದಲು ಅಚ್ಚಾದ 50 ಸ್ತೋತ್ರಗಳನ್ನು ಸರದಿಯಂತೆ ಹಾಡುತ್ತಿದ್ದರು. ಶಾಲೆಗಳು ವಿರಳವಾಗಿದ್ದು, ಕಡ್ಡಾಯ ಶಿಕ್ಷಣದ ಕಾನೂನು 1907ರಲ್ಲಷ್ಟೇ ಬಂದ ಆ ನಾಡಿನಲ್ಲಿ, 18ನೆಯ ಶತಮಾನದ ಕೊನೆಯ ಹೊತ್ತಿಗೇ ಬಹುಪಾಲು ಜನಕ್ಕೆ ಓದಲು ಬರುತ್ತಿತ್ತೆಂದರೆ, ಅದಕ್ಕೆ ಕಾರಣ ಹೆಣಿಗೆಯ ಕಡ್ಡಿಯಿಂದಲೇ ಅಕ್ಷರ ತೋರಿಸಿಕೊಡಬಲ್ಲ ತಾಯಿ ಅಜ್ಜಿಯರು.

ಸೀಮೆಎಣ್ಣೆಯ ದೀಪ ಕೋಣೆಯ ಮೂಲೆಮೂಲೆಗೂ ಬೆಳಕು ತಂದಮೇಲೆ, ಜನ ಹುಲ್ಲುಹೆಂಟೆಯ ಮನೆ ಬಿಟ್ಟು ಕಡಲತಡಿಯ ಪಟ್ಟಣಗಳಿಗೆ ಹೋದಮೇಲೆ ಕ್ವೋಲ್ಡ್‌ವಾಕಾ ಕ್ರಮೇಣ ಕರಗಿತು. ಅದರ ವಾರಸುದಾರಿಕೆಯನ್ನು ಹೊರಗಿನವರು ಸಾಮಾನ್ಯವಾಗಿ ‘ಕ್ರಿಸ್‌ಮಸ್ಸಿನ ಪುಸ್ತಕಪ್ರವಾಹ’ದಲ್ಲಿ ಕಾಣುತ್ತಾರೆ: ಚಳಿಗಾಲದ ಆರಂಭದಲ್ಲಿ ಹೊಸ ಪುಸ್ತಕಗಳ ಪಟ್ಟಿ ಹೊರಬರುವುದು, ಡಿಸೆಂಬರ್ 24ರ ಸಂಜೆ ಪರಸ್ಪರ ಪುಸ್ತಕ ಕೊಟ್ಟು ರಾತ್ರಿಯೆಲ್ಲ ಓದುವುದು. ಇದು ಚೆಲುವಾದ ಪದ್ಧತಿಯೇ, ಆದರೆ ಇದರಲ್ಲಿ ಒಬ್ಬೊಬ್ಬರೂ ತಮ್ಮ ದೀಪದಡಿ ತಮ್ಮ ಪುಸ್ತಕವನ್ನು ಓದುತ್ತಾರೆ. ಹಳೆಯ ಕೋಣೆಯ ನಿಜವಾದ ವಾರಸು ರೇಡಿಯೊ. 1930ರ ಡಿಸೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಬಾನುಲಿ ಕ್ವೋಲ್ಡ್‌ವಾಕಾ ಎಂಬ ಹೆಸರಿನಲ್ಲೇ ಸಂಜೆಯ ಕಾರ್ಯಕ್ರಮ ನಡೆಸಿ, ಕಥೆ, ಪದ್ಯ, ಹಳೆಯ ವೃತ್ತಾಂತಗಳನ್ನು ಓದಿಸಿತು; 1944ರಿಂದ ಪ್ರತಿ ಉಪವಾಸ ಕಾಲದಲ್ಲೂ ಹಾಲ್‌ಗ್ರೀಮುರನ 50 ಸ್ತೋತ್ರಗಳನ್ನು ಇರುಳಿಗೊಂದರಂತೆ ಒಬ್ಬ ಓದುಗರಿಂದ ಓದಿಸುತ್ತ ಬಂದಿದೆ. ಆ ದನಿಯನ್ನು ಕೇಳಲು ಕಣ್ಣು ಬೇಡ, ಕೈಯೂ ಬೇಡ. ಹೆಣಿಗೆ ಹಿಡಿದವರು ಹೆಣೆಯುತ್ತಲೇ ಕೇಳಬಹುದು.