ತಿಳಿಯದೆ ಮಾಡಿದ ಕೇಡು

ಒಬ್ಬನು ತಿಳಿಯದೆ ನೆರೆಯವನಿಗೆ ಕೇಡು ಮಾಡಿದರೆ ಅದು ಅವನ ಮೇಲೆ ಸಾಲವಾಗುವದೋ? ಅವನು ಗತಿಸಿದ ಬಳಿಕ ಅವನ ಮಕ್ಕಳು ಅದನ್ನು ತೀರಿಸತಕ್ಕದ್ದೋ? ಪ್ರಿಯ ವಾಚಕರೇ, ಡೆನ್ಮಾರ್ಕ್ ದೇಶದ ಒಂದು ಹೊಳೆಯ ವೃತ್ತಾಂತವನ್ನು ಓದಿದಂದಿನಿಂದ ಈ ಪ್ರಶ್ನೆಯು ನನ್ನನ್ನು ಬಿಡಲಿಲ್ಲ.

ಆ ದೇಶದ ಪಶ್ಚಿಮ ಭಾಗದಲ್ಲಿ ಸ್ಕ್ಯೆರ್ನ್ ಎಂಬ ಹೊಳೆಯು ಜೌಗು ಹುಲ್ಲುಗಾವಲುಗಳ ನಡುವೆ ಸುತ್ತಿ ಬಳಸಿ ಹರಿದು ರಿಂಗ್‌ಕೋಬಿಂಗ್ ಎಂಬ ಕಡಲತಡಿಯ ಹಿನ್ನೀರನ್ನು ಸೇರುತ್ತಿತ್ತು. 1962ರಿಂದ 1968ರ ವರೆಗೆ ಅದನ್ನು ನೆಟ್ಟನೆಯ ಕಾಲುವೆಯಾಗಿ ತೋಡಿ, ಬದಿಗಳಲ್ಲಿ ಕಟ್ಟೆ ಹಾಕಿ, ಸುಮಾರು 4,000 ಹೆಕ್ಟೇರ್ ನೆಲವನ್ನು ಬತ್ತಿಸಿ ಹೊಲ ಮಾಡಿದರು. ಮಾಡಿದವರು ದುಷ್ಟರಲ್ಲ. ಕೆಸರಿನಲ್ಲಿ ಧಾನ್ಯವನ್ನು ಬೆಳೆಸುವದು ಸತ್ಕಾರ್ಯವೆಂದೇ ಎಣಿಸಲ್ಪಟ್ಟಿತು.

ಆದರೆ ಆ ಜೌಗು ಸುಮ್ಮನೆ ಬಿದ್ದಿರಲಿಲ್ಲ. ಹೊಲಕ್ಕೆ ಎರಚುವ ಯೂರಿಯಾದಲ್ಲಿಯೂ ಹಟ್ಟಿಯ ಗೊಬ್ಬರದಲ್ಲಿಯೂ ಸಾರಜನಕವಿದೆ. ಬೆಳೆಯು ತೆಗೆದುಕೊಳ್ಳದೆ ಉಳಿದದ್ದರಲ್ಲಿ ಬಹು ಭಾಗವು ನೈಟ್ರೇಟಾಗಿ ಮಳೆಯ ನೀರಿನಲ್ಲಿ ಕರಗಿ ಹೊಳೆಗೆ ಇಳಿಯುವದು. ನೀರು ತುಂಬಿ ಗಾಳಿಯಾಡದ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು, ಕೊಳೆತ ಎಲೆಹುಲ್ಲನ್ನು ಆಹಾರ ಮಾಡಿಕೊಂಡು, ತಮಗೆ ಬೇಕಾದ ಆಮ್ಲಜನಕವನ್ನು ಆ ನೈಟ್ರೇಟಿನಿಂದಲೇ ಕಿತ್ತುಕೊಳ್ಳುವವು. ಮಿಕ್ಕ ಸಾರಜನಕವು ಬಹುಮಟ್ಟಿಗೆ ನಿರಪಾಯವಾದ ವಾಯುವಾಗಿ ಆಕಾಶಕ್ಕೆ ಹಿಂದಿರುಗುವದು. ಈ ಕೆಲಸಕ್ಕೆ ಸಮಯ ಬೇಕು. ನೆಟ್ಟಗಿನ ಕಾಲುವೆಯಲ್ಲಿ ಓಡುವ ನೀರಿಗೆ ಸಮಯವೂ ಇಲ್ಲ, ಜೌಗಿನ ಸಂಗವೂ ಇಲ್ಲ. ಆದದರಿಂದ ನೈಟ್ರೇಟು ಹಿನ್ನೀರಿಗೆ ಹೋಗಿ ಪಾಚಿಯನ್ನು ಬೆಳೆಸುವದು. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕವು ತೀರಿ, ಮೀನುಗಳು ಉಸಿರುಕಟ್ಟಿ ಸಾಯುವದುಂಟು. ಹೀಗೆ ರೈತನು ಬಿತ್ತಿದ್ದನ್ನು ಬೆಸ್ತನು ಕೊಯ್ಯುವನು.

ತಿಳಿನೀರನ್ನು ತಾವು ಕುಡಿದು ಉಳಿದದ್ದನ್ನು ಕಾಲಿನಿಂದ ಕಲಕಿದವರನ್ನು ಕರ್ತನು ವಿಚಾರಿಸುವದನ್ನು ಯೆಹೆಜ್ಕೇಲನ ಪುಸ್ತಕದ 34ನೆಯ ಅಧ್ಯಾಯದಲ್ಲಿ ಓದುತ್ತೇವೆ. ಕಲಕಿದ ಕೆಸರಾದರೂ ಕಣ್ಣಿಗೆ ಕಾಣುವದು, ನೈಟ್ರೇಟು ಕಾಣದಲ್ಲಾ ಎಂದು ಯಾರಾದರೂ ಹೇಳಬಹುದು. ನಿಜವೇ. ಆದರೆ ಯಾಜಕಕಾಂಡದ 4ನೆಯ ಅಧ್ಯಾಯವನ್ನು ನೋಡಿರಿ: ತಿಳಿಯದೆ ಮಾಡಿದ ಪಾಪಕ್ಕೂ, ಅದು ತಿಳಿದು ಬಂದಾಗ, ಯಜ್ಞವು ನೇಮಿಸಲ್ಪಟ್ಟಿದೆ. ಅರಿಯದವನ ನೆವವು ಅರಿತ ದಿನದ ವರೆಗೆ ಮಾತ್ರ.

ಡೆನ್ಮಾರ್ಕಿನ ಪಾರ್ಲಿಮೆಂಟು 1987ರಲ್ಲಿ ಹೊಳೆಯನ್ನು ಸರಿಪಡಿಸಲು ತೀರ್ಮಾನಿಸಿತು. 1999ರಿಂದ 2002ರ ವರೆಗೆ ಕಟ್ಟೆಗಳನ್ನು ಕೆಡವಿ, 19 ಕಿಲೋಮೀಟರ್ ಕಾಲುವೆಯನ್ನು ತಿರುಗಿ 26 ಕಿಲೋಮೀಟರ್ ಬಳಸುವ ಹೊಳೆಯಾಗಿ ಮಾಡಿದರು. ತಂದೆಗಳು ಹಣ ಸುರಿದು ನೆಟ್ಟಗೆ ಮಾಡಿದ್ದನ್ನು ಮಕ್ಕಳು ಹಣ ಸುರಿದು ಸೊಟ್ಟಗೆ ಮಾಡಿದರೆಂದು ನಗುವವರು ನಗಲಿ; ನನಗಾದರೋ ಇದು ಪಶ್ಚಾತ್ತಾಪದ ಒಳ್ಳೇ ಮಾದರಿಯಾಗಿ ತೋರುತ್ತದೆ. ಆದರೂ ಜೌಗು ಮರಳಿ ಬಂತೆಂದು ಗೊಬ್ಬರವನ್ನು ಮನಬಂದಂತೆ ಸುರಿಯಲು ಅಪ್ಪಣೆಯಾಗಲಿಲ್ಲ. ದೇಶದ ಹೊಲಗದ್ದೆಗಳಿಂದಲೂ ಪಟ್ಟಣಗಳಿಂದಲೂ ನೀರಿಗೆ ಬೀಳುವ ಸಾರಜನಕವನ್ನು ಅರ್ಧಕ್ಕೆ ಇಳಿಸಬೇಕೆಂಬ ಯೋಜನೆಯೂ ಅದೇ 1987ರಲ್ಲಿ ಹೊರಟಿತು. ನಾಲ್ಕರಷ್ಟು ಹಿಂದಕ್ಕೆ ಕೊಡುವೆನೆಂದ ಜಕ್ಕಾಯನು ಮರುದಿನ ಸುಂಕದ ಕಟ್ಟೆಯಲ್ಲಿ ಕೂತು ಮೊದಲಿನಂತೆಯೇ ಕಸಿದುಕೊಂಡಿದ್ದರೆ ಅವನ ಮಾತನ್ನು ಯಾರು ನಂಬುತ್ತಿದ್ದರು?

ಇನ್ನೊಂದು ಮಾತು ಇದಕ್ಕಿಂತ ಕಠಿಣವಾದದ್ದು. ಹೊಲವನ್ನು ನೀರಿಗೆ ಬಿಟ್ಟುಕೊಡುವವನು ಹೊಳೆಯ ದಡದವನು. ಅಲ್ಲಿ ಬೆಳೆದದ್ದನ್ನು ಉಂಡವರೋ ದೂರದ ಪಟ್ಟಣದವರು ಸಹ. ಹಾಗಾದರೆ ಸಾಲವು ಅವನೊಬ್ಬನದು ಹೇಗಾದೀತು? ಅಲ್ಲಿಯ ಸರಕಾರವು ಭೂಮಿಯನ್ನು ಕ್ರಯಕ್ಕೆ ಕೊಂಡಿತು, ಕೆಲವರಿಗೆ ಬೇರೆ ಭೂಮಿಯನ್ನು ಬದಲು ಕೊಟ್ಟಿತು. ಸುಮಾರು 2,200 ಹೆಕ್ಟೇರ್ ನೆಲವು ತಿರುಗಿ ಹುಲ್ಲುಗಾವಲೂ ಜೌಗೂ ಕೆರೆಯೂ ಆಯಿತು. ಆದರೂ ಆ ಕಣಿವೆಯ ರೈತರಲ್ಲಿ ಈ ಕೆಲಸವನ್ನು ವಿರೋಧಿಸಿದವರು ಇದ್ದರು. ತಂದೆಯು ಕೆಸರಿನಿಂದ ಗೆದ್ದ ಹೊಲವು ತನ್ನ ಕಣ್ಣೆದುರು ಮುಳುಗುವದನ್ನು ನೋಡಲಾರದವರನ್ನು ನಾನು ದೂಷಿಸಲಾರೆನು.